ಊರ ಮಾತಿನಲ್ಲಿ ಬರೆದ ಗೂಗಿ

ಆಫ್ರಿಕಾ ಖಂಡದಲ್ಲಿ ಕೀನ್ಯಾ ಎಂಬ ದೇಶವಿದೆ. ಅಲ್ಲಿ ನೈರೋಬಿ ಪಟ್ಟಣದ ಹತ್ತಿರ ಲಿಮುರು ಎಂಬ ಊರು. ಸುತ್ತಲೂ ಚಹಾ ತೋಟಗಳು. ಲಿಮುರುವಿನ ಬಳಿ 1938ರಲ್ಲಿ ಗೂಗಿ ವಾ ಥಿಯಾಂಗೊ ಹುಟ್ಟಿದರು. ಆಗ ಕೀನ್ಯಾವನ್ನು ಬ್ರಿಟಿಷರು ಆಳುತ್ತಿದ್ದರು. ಒಳ್ಳೆ ಜಮೀನು ಬಿಳಿಯರ ಕೈಯಲ್ಲಿತ್ತು.

ಗೂಗಿಯ ತಾಯಿ ವಾಂಜಿಕು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಮಗನನ್ನು ಶಾಲೆಗೆ ಕಳಿಸಿದ್ದು ಆಕೆಯೇ. ಹಸಿವಾದರೂ ಶಾಲೆ ಬಿಡಬಾರದು ಅಂತ ಮಗನಿಂದ ಮಾತು ತಗೊಂಡಳು.

ಮನೆಯ ಮಾತು ಗಿಕುಯು. ರಾತ್ರಿ ಒಲೆಯ ಸುತ್ತ ಕೂತು ಕತೆ ಕೇಳುವುದೂ ಗಿಕುಯುವಿನಲ್ಲೇ. ಆದರೆ ಶಾಲೆಯಲ್ಲಿ ಆ ಮಾತು ಆಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. 'ನಾನು ಕತ್ತೆ' ಅಂತ ಬರೆದ ಹಲಗೆಯನ್ನು ಕೊರಳಿಗೆ ಹಾಕುತ್ತಿದ್ದರು. ತಾಯಿಯ ಮಾತಿಗೆ ನಾಚಿಕೆಪಡುವುದನ್ನು ಮಗು ಹೀಗೇ ಕಲಿಯುತ್ತೆ, ಅಲ್ವಾ?

1963ರಲ್ಲಿ ಕೀನ್ಯಾ ಸ್ವತಂತ್ರವಾಯಿತು. ಗೂಗಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೆಸರು ಮಾಡಿದರು. ನೈರೋಬಿಯಲ್ಲಿ ಪ್ರೊಫೆಸರ್ ಆದರು. ಆದರೆ ಯಾರ ಕಷ್ಟವನ್ನು ಬರೆದರೋ ಅವರಿಗೇ ಆ ಪುಸ್ತಕ ಓದಲು ಬರುತ್ತಿರಲಿಲ್ಲ.

ಮನೆಗೆ ಬಂದ ಹೆಂಗಸು

1976ರಲ್ಲಿ ಕಮಿರೀಥು ಎಂಬ ಹಳ್ಳಿಯ ಒಬ್ಬ ಹೆಂಗಸು ಗೂಗಿಯ ಮನೆಗೆ ಬಂದಳು. ಇಷ್ಟು ಓದಿದವರು ಊರಿಗೂ ಸ್ವಲ್ಪ ವಿದ್ಯೆ ಕೊಡಬಾರದೇ ಎಂದು ಕೇಳಿದಳು. ಬಿಡದೆ ಮತ್ತೆ ಮತ್ತೆ ಬಂದಳು. ಗೂಗಿ ಊರವರ ಜೊತೆ ಸೇರಿದರು. ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ನಡೆಯಿತು.

ಆಮೇಲೆ ಒಂದು ನಾಟಕ. ಗೂಗಿ ಗೆಳೆಯರೊಬ್ಬರ ಜೊತೆ ಅದನ್ನು ಗಿಕುಯುವಿನಲ್ಲಿ ಬರೆದರು. ಊರಿನ ಹಿರಿಯರು ಮಾತು, ಗಾದೆಗಳನ್ನು ತಿದ್ದಿದರು. ರೈತರು, ಕೂಲಿಯವರು ತಾವೇ ಬಯಲು ರಂಗಮಂದಿರ ಕಟ್ಟಿದರು. ತಾವೇ ಪಾತ್ರ ಮಾಡಿದರು.

ನಾಟಕದಲ್ಲಿ ಒಬ್ಬ ಬಡ ರೈತ. ಅವನಿಗೆ ಇರುವುದು ಒಂದೂವರೆ ಎಕರೆ. ಜಮೀನಿನ ಪತ್ರವನ್ನು ಗೋಡೆಗೆ ತೂಗುಹಾಕಿ ಜೋಪಾನ ಮಾಡಿರುತ್ತಾನೆ. ಸಾಹುಕಾರನ ಮಾತು ನಂಬಿ ಆ ಪತ್ರ ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ಮಾಡುತ್ತಾನೆ. ಸಾಲ ತೀರುವುದಿಲ್ಲ. ಜಮೀನು ಹರಾಜಾಗುತ್ತದೆ. ಕೊಳ್ಳುವವನು ಅದೇ ಸಾಹುಕಾರ!

1977ರಲ್ಲಿ ಈ ನಾಟಕ ನೋಡಲು ಜನ ದೂರದೂರದಿಂದ ಬಂದರು. ಕೆಲವೇ ವಾರಗಳಲ್ಲಿ ಸರಕಾರ ನಾಟಕ ನಿಲ್ಲಿಸಿತು. ಅದು ಬ್ರಿಟಿಷರ ಸರಕಾರವಲ್ಲ, ಅವರದೇ ದೇಶದ ಸರಕಾರ. ಇಂಗ್ಲಿಷಿನಲ್ಲಿ ಬರೆದಾಗ ಜೈಲಿಗೆ ಹಾಕದವರು, ಊರ ಮಾತಿನಲ್ಲಿ ಬರೆದಾಗ ಹಾಕಿದರು. ಯಾಕೆ? ಈ ಸಲ ಬಡವರಿಗೆ ಅರ್ಥವಾಗಿತ್ತು.

ಜೈಲಿನ ಕಾಗದ

ಆ ವರ್ಷದ ಕೊನೆಯಲ್ಲಿ ಗೂಗಿಯನ್ನು ಹಿಡಿದರು. ವಿಚಾರಣೆ ಇಲ್ಲ. ಸುಮಾರು ಒಂದು ವರ್ಷ ಸೆರೆಮನೆ. ಬರೆಯಲು ಕಾಗದ ಇರಲಿಲ್ಲ. ಕಕ್ಕಸಿಗೆ ಕೊಡುವ ಒರಟು ಕಾಗದದ ಮೇಲೆ ಗಿಕುಯುವಿನಲ್ಲಿ ಒಂದು ಕಾದಂಬರಿ ಬರೆದರು. ಅದರ ನಾಯಕಿ ಒಬ್ಬ ಹೆಣ್ಣುಮಗಳು. 1980ರಲ್ಲಿ ಅದು ಅಚ್ಚಾಯಿತು. ಮನೆಗಳಲ್ಲಿ, ಬಸ್ಸಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿದರು. ಉಳಿದವರು ಕೇಳಿದರು.

1982ರಲ್ಲಿ ಪೊಲೀಸರು ಕಮಿರೀಥುವಿನ ರಂಗಮಂದಿರ ಕೆಡವಿದರು. ಗೂಗಿ ಅನೇಕ ವರ್ಷ ಪರದೇಶದಲ್ಲೇ ಇರಬೇಕಾಯಿತು. 2025ರ ಮೇ 28ರಂದು ಅಮೆರಿಕದಲ್ಲಿ ತೀರಿಕೊಂಡರು. ಆಗ ಅವರಿಗೆ 87 ವರ್ಷ.

ಗೂಗಿ ಬೇರೆ ಭಾಷೆ ಬೇಡ ಅನ್ನಲಿಲ್ಲ. ಮೊದಲು ನಮ್ಮ ಮಾತು ಗಟ್ಟಿಯಾಗಲಿ, ಅದರ ಮೇಲೆ ಎಷ್ಟು ಭಾಷೆ ಕಲಿತರೂ ಅದು ಬಲವೇ ಅಂದರು. ನಾವೂ ಮಕ್ಕಳಿಗೆ ಇಂಗ್ಲಿಷ್ ಕಲಿಸೋಣ. ಆದರೆ ನಮ್ಮ ಮಾತಿಗೆ ನಾಚುವುದು ಬೇಡ. ಹಾಗೇ, ಯಾವ ಪತ್ರಕ್ಕೂ ಓದದೆ ಸಹಿ ಹಾಕುವುದು ಬೇಡ.

ಮಾತಾಡೋಣ
1. ಕಮಿರೀಥುವಿನ ಹೆಂಗಸು ಗೂಗಿಯನ್ನು ಏನು ಕೇಳಿದಳು?
2. ನಾಟಕದ ರೈತ ಜಮೀನು ಕಳೆದುಕೊಂಡದ್ದು ಹೇಗೆ?
3. ನಿಮ್ಮ ಮನೆಯಲ್ಲಿ ಯಾವ ಯಾವ ಪತ್ರಗಳಿವೆ? ಯಾರ ಹೆಸರಿನಲ್ಲಿವೆ? ಓದಿ ನೋಡಿ.
4. ನಿಮ್ಮ ಅಜ್ಜಿ ಹೇಳುತ್ತಿದ್ದ ಒಂದು ಗಾದೆ ಬರೆಯಿರಿ.