ಬ್ರೇಕ್ ಒತ್ತುವುದು ಕಾಲೊಂದೇ ಅಲ್ಲ

ಚನ್ನಗಿರಿಯ ತೋಟದಲ್ಲೋ ಹೊನ್ನಾಳಿಯ ಹೊಳೆದಂಡೆಯಲ್ಲೋ ನೀರೆತ್ತುವ ಮೋಟರು ಕಂಡವರಿಗೆ ಫುಟ್‌ವಾಲ್ವ್ ಗೊತ್ತು. ಮೇಲೇರಿದ ನೀರನ್ನು ಅದು ಕೆಳಗಿಳಿಯಗೊಡುವುದಿಲ್ಲ. ಪಂಪು ಪೈಪಿನೊಳಗಿನ ಒತ್ತಡ ತಗ್ಗಿಸುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ನೂಕುತ್ತದೆ. ಇಷ್ಟು ತಿಳಿದಿದ್ದರೆ ಡೀಸೆಲ್ ಕಾರಿನ ಬ್ರೇಕಿನ ಅರ್ಧ ಪಾಠ ಆದಂತೆಯೇ.

ಬಾನೆಟ್ ಎತ್ತಿ ನೋಡಿ. ಬ್ರೇಕ್ ಆಯಿಲ್ ಡಬ್ಬಿಯ ಹಿಂದೆ, ರೊಟ್ಟಿ ಹಂಚಿನಷ್ಟು ಅಗಲದ ದುಂಡನೆಯ ಕಪ್ಪು ಡಬ್ಬವಿದೆಯಲ್ಲ, ಅದೇ ನಿಮ್ಮ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್. ಒಳಗೆ ಅಡ್ಡಲಾಗಿ ರಬ್ಬರ್ ಪರದೆ. ಪೆಡಲ್ ಮುಟ್ಟದಿರುವಾಗ ಪರದೆಯ ಎರಡೂ ಬದಿಯಲ್ಲಿ ಗಾಳಿ ತೀರ ಕಡಿಮೆ. ಒತ್ತಿದೊಡನೆ ಪೆಡಲ್ ಬದಿಗೆ ಹೊರಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. 25 ಸೆಂ.ಮೀ. ಅಗಲದ ಪರದೆಗೆ ಸುಮಾರು 490 ಚದರ ಸೆಂ.ಮೀ. ವಿಸ್ತಾರ. ಚದರ ಸೆಂ.ಮೀ.ಗೆ 700 ಗ್ರಾಂ ಲೆಕ್ಕ ಹಿಡಿದರೂ 340 ಕೆ.ಜಿ. ಬಲ! ಜಗಳೂರಿನ ಮೆಕ್ಕೆಜೋಳದ 50 ಕೆ.ಜಿ. ಚೀಲಗಳಾದರೆ ಹೆಚ್ಚುಕಡಿಮೆ ಏಳು.

ಬೂಸ್ಟರಿನೊಳಗಿನ ಗಾಳಿಯನ್ನು ಹೊರಗೆಳೆಯುವುದು ಯಾರು? ಪೆಟ್ರೋಲ್ ಎಂಜಿನ್ನಿನ ಗಾಳಿದಾರಿಯಲ್ಲಿ ಥ್ರಾಟಲ್ ಎಂಬ ತಟ್ಟೆ ಇರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಅದು ಮುಚ್ಚಿಕೊಳ್ಳುವುದರಿಂದ ಎಂಜಿನ್ನಿನ ಎಳೆತವೇ ಬೂಸ್ಟರನ್ನು ಬರಿದು ಮಾಡುತ್ತದೆ. ಡೀಸೆಲ್ ಎಂಜಿನ್ ಹಾಗಲ್ಲ, ಗಾಳಿಯನ್ನು ತಡೆಯದೆ ಎಳೆದುಕೊಂಡು ಡೀಸೆಲ್ಲನ್ನಷ್ಟೇ ಹೆಚ್ಚುಕಡಿಮೆ ಮಾಡುತ್ತದೆ. ಆದ್ದರಿಂದಲೇ ಪ್ರತ್ಯೇಕ ವ್ಯಾಕ್ಯೂಮ್ ಪಂಪು. ಕೆಲವು ಕಾರುಗಳಲ್ಲಿ ಇದನ್ನು ಕ್ಯಾಮ್‌ಶಾಫ್ಟ್ ತಿರುಗಿಸುತ್ತದೆ, ಕೆಲವುಗಳಲ್ಲಿ ಮೆಕ್ಯಾನಿಕ್‌ಗಳು ಡೈನಮೊ ಎನ್ನುವ ಆಲ್ಟರ್ನೇಟರಿನ ಬೆನ್ನಿಗೇ ಇದು ಅಂಟಿಕೊಂಡಿರುತ್ತದೆ. ಅಂಥ ಗಾಡಿಯಲ್ಲಿ ಬೆಲ್ಟ್ ತುಂಡಾದರೆ ಬ್ಯಾಟರಿ ದೀಪವೂ ಹೊತ್ತುತ್ತದೆ, ಪೆಡಲ್ಲೂ ಕಲ್ಲಾಗುತ್ತದೆ. ಪಂಪಿನ ರೆಕ್ಕೆಗಳು ಸವೆಯದಂತೆ ಕಾಯುವುದು ಎಂಜಿನ್ ಆಯಿಲ್ಲೇ. ಅದನ್ನು ಬದಲಿಸಲು ತಡಮಾಡಿದರೆ ಬ್ರೇಕಿಗೂ ಪೆಟ್ಟು.

ಬೂಸ್ಟರಿಗೂ ಒಂದು ಫುಟ್‌ವಾಲ್ವ್ ಇದೆ: ಪಂಪಿನ ಪೈಪು ಸೇರುವಲ್ಲಿನ ಒಮ್ಮುಖ ವಾಲ್ವ್. ಎಂಜಿನ್ ನಿಂತ ಮೇಲೂ ಎರಡು ಮೂರು ಬಾರಿ ಬ್ರೇಕ್ ಹಗುರವಾಗಿ ಸಿಗುವುದು ಅದರ ದಯೆ. ಆಮೇಲೆ ಬ್ರೇಕ್ ಇರುತ್ತದೆ, ಆದರೆ ಇಡೀ ಭಾರ ನಿಮ್ಮ ಕಾಲಿನದೇ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ನ್ಯಾಮತಿಗೋ ದಾವಣಗೆರೆಗೋ ಹೊರಡುವ ಮುನ್ನ ಹೀಗೆ ಪರೀಕ್ಷಿಸಿ. ಎಂಜಿನ್ ಆರಿಸಿಯೇ ಪೆಡಲನ್ನು ಐದಾರು ಸಲ ಒತ್ತಿ ಗಟ್ಟಿಯಾಗಿಸಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಗಾಡಿ ರಸ್ತೆಗಲ್ಲ, ಗ್ಯಾರೇಜಿಗೆ.