ಹುಬ್ಬು ಗಂಟಾದರೆ ಅನುಮಾನವೇ?

"ಹೌದಾ?" ಎಂಬ ಪದವನ್ನು ಕಣ್ಣರಳಿಸಿ ಹೇಳಿದರೆ ಅಚ್ಚರಿ. ಒಂದು ಹುಬ್ಬೇರಿಸಿ, ತುಟಿಯನ್ನು ತುಸು ಓರೆಮಾಡಿ, ಎಳೆದು ಹೇಳಿದರೆ "ಬುರುಡೆ ಬಿಡಬೇಡ ಮಾರಾಯ" ಎಂದರ್ಥ. ಪದ ಅದೇ, ಅರ್ಥ ಬದಲಿಸಿದ್ದು ಮುಖ ಮತ್ತು ದನಿ.

ನಮ್ಮ ಆಡುಮಾತು ಇದನ್ನು ಚೆನ್ನಾಗಿ ಬಲ್ಲದು. ಮೂಗು ಮುರಿಯುವುದೇ ಬೇರೆ, ಹುಬ್ಬೇರಿಸುವುದೇ ಬೇರೆ. ಮೂಗು ಮುರಿದವನು ಮಾತನ್ನು ನಂಬಿರಲೂಬಹುದು. ಅವನಿಗೆ ಅದು ಹಿಡಿಸಿಲ್ಲ, ಅಷ್ಟೆ. ಹುಬ್ಬೇರಿಸಿದವನು ಇನ್ನೂ ತೂಗಿ ನೋಡುತ್ತಿದ್ದಾನೆ.

ಭರತನ ನಾಟ್ಯಶಾಸ್ತ್ರ ಹುಬ್ಬಿನ ಚಲನೆಗಳನ್ನು 7, ನೋಟಗಳನ್ನು 36 ಎಂದು ಎಣಿಸುತ್ತದೆ. ಅದರ 33 ಸಂಚಾರಿಭಾವಗಳಲ್ಲಿ ಶಂಕೆ, ವಿತರ್ಕ ಎರಡೂ ಇವೆ. ಶಂಕೆಯಲ್ಲಿ ಅಳುಕು ಬೆರೆತಿದೆ. ವಿತರ್ಕವೆಂದರೆ ಹೀಗೋ ಹಾಗೋ ಎಂಬ ತೂಗಾಟ. ಅದಕ್ಕೆ ಒಂದೇ ಹುಬ್ಬನ್ನೆತ್ತಬೇಕೆಂದು ನಟನಿಗೆ ಸೂಚನೆಯಿದೆ.

ಮುಖಭಾವಗಳ ಕುರಿತು ಡಾರ್ವಿನ್ 1872ರಲ್ಲಿ ಒಂದು ಪುಸ್ತಕವನ್ನೇ ಬರೆದ. ಯೋಚನೆಯ ಓಟಕ್ಕೆ ತೊಡಕು ಬಂದಾಗ ಹುಬ್ಬು ಗಂಟಿಕ್ಕುತ್ತದೆ ಎಂದು ಅವನು ಗಮನಿಸಿದ. 1978ರಲ್ಲಿ ಎಕ್ಮನ್ ಮತ್ತು ಫ್ರೀಸನ್ ಮುಖದ ಚಲನೆಗಳಿಗೆ ಸಂಖ್ಯೆ ಕೊಟ್ಟರು: ಹುಬ್ಬಿನ ಒಳತುದಿ ಏರಿದರೆ 1, ಹೊರತುದಿ ಏರಿದರೆ 2, ಹುಬ್ಬು ಇಳಿದು ಕೂಡಿದರೆ 4. ಆದರೆ ಅಪನಂಬಿಕೆಗೆಂದೇ ಒಂದು ಸಂಖ್ಯೆ ಅಲ್ಲಿಲ್ಲ. ಚಲನೆಯನ್ನು ಎಣಿಸಬಹುದು, ಅರ್ಥವನ್ನು ಸಂದರ್ಭದಿಂದಲೇ ತಿಳಿಯಬೇಕು.

ಮುಂಬಯಿಯಲ್ಲಿ ಓದುವ ನಮಗೆ ಇದು ಬರೀ ಶಾಸ್ತ್ರವಲ್ಲ. ಅರೆಬರೆ ಹಿಂದಿ, ಮರಾಠಿಯಲ್ಲಿ ಮಾತಾಡುವಾಗ ಎದುರಿನವರ ಹುಬ್ಬು ಗಂಟಾದರೆ ಸಾಕು, "ಇವರು ನನ್ನನ್ನು ನಂಬಲಿಲ್ಲ" ಎಂದು ಮುದುಡಿಬಿಡುತ್ತೇವೆ. ಮೌಖಿಕ ಪರೀಕ್ಷೆಯಲ್ಲಿ ಸರಿಯುತ್ತರವನ್ನೂ ಅರ್ಧಕ್ಕೇ ನುಂಗುತ್ತೇವೆ. ಅವರಿಗೆ ನಮ್ಮ ಉಚ್ಚಾರ ತಿಳಿಯದೆಯೂ ಇರಬಹುದಲ್ಲ!

ಹಾಗಾದರೆ ಏನು ಮಾಡೋಣ? ಮೊದಲು, ಹುಬ್ಬು ಯಾವ ಮಾತಿಗೆ ಗಂಟಾಯಿತು ನೋಡಿ. ಜತೆಗೆ ಬಾಯಿಯನ್ನೂ ನೋಡಿ: ತುಟಿ ಓರೆಯಾಗಿದ್ದರೆ ಅನುಮಾನವಿರಬಹುದು, ತಲೆ ಮುಂದೆ ಬಾಗಿ ಕಿವಿ ನಮ್ಮತ್ತ ತಿರುಗಿದರೆ ಬಹುಶಃ ಮಾತು ಕೇಳಿಸಿಲ್ಲ. ಆಮೇಲೆ ಅದೇ ಮಾತನ್ನು ನಿಧಾನವಾಗಿ, ಬೇರೆ ಪದಗಳಲ್ಲಿ ಹೇಳಿ. ಗಂಟು ಬಿಚ್ಚಿಕೊಂಡರೆ ತೊಡಕು ಭಾಷೆಯದು. ಬಿಚ್ಚದಿದ್ದರೆ "ಇದರಲ್ಲಿ ಏನಾದರೂ ಸಂಶಯವೇ, ಸರ್?" ಎಂದು ಕೇಳಿಯೇಬಿಡಿ. ಉತ್ತರ ಬರುವ ಮೊದಲೇ ನಾವು ಬಾಯಿ ಮುಚ್ಚಿಕೊಳ್ಳುವುದು ಬೇಡ.