ಉರಿಮೂತ್ರ: ದುಂಡಾಣುಗಳು ಮೇಲೇರುವ ಬಗೆ

ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಿಗಿರುವ ಸಿದ್ದಾಪುರವು ಸಸ್ಯಕ್ಷೇತ್ರಗಳಿಗೆ ಹೆಸರಾದ ಪ್ರದೇಶ. ಸಸಿಮಡಿಗಳಲ್ಲಾಗಲಿ, ಹಳ್ಳಿಯ ಹೊಲಗಳಲ್ಲಾಗಲಿ ದಿನವಿಡೀ ದುಡಿಯುವ ಹೆಂಗಸರು ಮರೆಯ ಜಾಗ ಸಿಗದೆಂದು ನೀರು ಕುಡಿಯದೆ, ಸಂಜೆಯವರೆಗೆ ಮೂತ್ರ ತಡೆದುಕೊಳ್ಳುವುದುಂಟು. ಉರಿಮೂತ್ರ ಕಾಣಿಸಿಕೊಂಡರೆ ‘ಉಷ್ಣವಾಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಆದರೆ ಇದಕ್ಕೆ ಸಾಮಾನ್ಯ ಕಾರಣ ಉಷ್ಣವಲ್ಲ, ದುಂಡಾಣು.

ಟೊಮ್ಯಾಟೊ ಬೆಳೆಯ ದುಂಡಾಣು ಸೊರಗು ರೋಗವನ್ನು ರೈತರು ಬಲ್ಲರು. ರೋಗಾಣು ಬೇರಿನ ಗಾಯದಿಂದ ಒಳಸೇರಿ, ನೀರಿನ ನಾಳಗಳಲ್ಲಿ ಮೇಲೇರಿ ಗಿಡವನ್ನೇ ಬಾಡಿಸುತ್ತದೆ. ಮೂತ್ರದ ಸೋಂಕೂ ಹೀಗೆಯೇ ಕೆಳಗಿನಿಂದ ಮೇಲೇರುತ್ತದೆ. ಆದರೆ ಇಲ್ಲಿ ದುಂಡಾಣು ಹರಿವಿಗೆ ಎದುರಾಗಿ ಏರಬೇಕು.

ಎಲ್ಲಿಂದ ಬರುತ್ತವೆ?

ಬಹುಪಾಲು ಸೋಂಕಿಗೆ ಕಾರಣ ಎಶ್ಚರಿಕಿಯ ಕೋಲೈ ಎಂಬ ದುಂಡಾಣು. ಥಿಯೋಡೋರ್ ಎಶ್ಚರಿಕ್ ಎಂಬ ವೈದ್ಯರು ಇದನ್ನು 1885ರಲ್ಲಿ ವಿವರಿಸಿದರು. ಇದರ ನೆಲೆ ನಮ್ಮ ಕರುಳು. ಮಲದ್ವಾರದಿಂದ ಮೂತ್ರದ್ವಾರಕ್ಕೆ ಹರಡಿದಾಗ ತೊಂದರೆ ಆರಂಭ. ಹೊರಗಿನಿಂದ ಮೂತ್ರಚೀಲಕ್ಕೆ ಹೋಗುವ ನಾಳ ಗಂಡಸರಲ್ಲಿ ಸುಮಾರು 20 ಸೆಂ.ಮೀ., ಹೆಂಗಸರಲ್ಲಿ ಸುಮಾರು 4 ಸೆಂ.ಮೀ. ಮಾತ್ರ. ಆದುದರಿಂದಲೇ ಹೆಂಗಸರಲ್ಲಿ ಈ ಸೋಂಕು ಹೆಚ್ಚು.

ಹೇಗೆ ನೆಲೆಯೂರುತ್ತವೆ?

ಹೀರೆಬಳ್ಳಿ ತನ್ನ ಕುಡಿಗಳಿಂದ ಚಪ್ಪರವನ್ನು ಹಿಡಿಯುವಂತೆ, ಈ ದುಂಡಾಣು ತನ್ನ ಮೈಮೇಲಿನ ಸೂಕ್ಷ್ಮ ಎಳೆಗಳಿಂದ ಮೂತ್ರಚೀಲದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮೂತ್ರ ಹರಿದರೂ ಕೊಚ್ಚಿಹೋಗುವುದಿಲ್ಲ. ಕೆಲವು ಗೋಡೆಯ ಕೋಶಗಳೊಳಗೇ ಹೊಕ್ಕು ಗುಂಪಾಗಿ ಬೆಳೆಯುತ್ತವೆ. ಹೀಗೆ ಅಡಗಿದವು ಮತ್ತೆ ತಲೆಯೆತ್ತಬಲ್ಲವೆಂದು ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದಿದೆ. ಸೋಂಕು ಪದೇ ಪದೇ ಮರುಕಳಿಸಲು ಇದೂ ಒಂದು ಕಾರಣವಾಗಿರಬಹುದು.

ಮೂತ್ರಪಿಂಡಕ್ಕೆ ಏರಿದಾಗ

ಮೂತ್ರಚೀಲದಲ್ಲೇ ಇರುವವರೆಗೆ ಉರಿ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಕೆಳಹೊಟ್ಟೆಯ ನೋವು ಕಾಣುತ್ತವೆ. ಅಲ್ಲಿಂದ ಮೂತ್ರನಾಳಗಳ ಮೂಲಕ ಮೂತ್ರಪಿಂಡ ತಲುಪಿದರೆ ಚಳಿಜ್ವರ, ಪಕ್ಕೆ ಅಥವಾ ಬೆನ್ನಿನ ನೋವು, ವಾಂತಿ ಬರುತ್ತವೆ. ಮೂತ್ರಪಿಂಡದಿಂದ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಲ್ಲಿ ಮೂತ್ರನಾಳಗಳು ಸಡಿಲಗೊಂಡು ಮೂತ್ರ ನಿಧಾನವಾಗಿ ಹರಿಯುವುದರಿಂದ ದುಂಡಾಣು ಸುಲಭವಾಗಿ ಮೇಲೇರುತ್ತದೆ. ಉರಿ ಇಲ್ಲದಿದ್ದರೂ ಅವರು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಅನುಸರಿಸಬೇಕಾದ ಕ್ರಮಗಳು

1. ಕೆಲಸಕ್ಕೆ ಹೋಗುವಾಗ ನೀರು ಒಯ್ದು ಆಗಾಗ ಕುಡಿಯಿರಿ. ಸೋಂಕು ಮರುಕಳಿಸುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಮಹಿಳೆಯರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿದವರಲ್ಲಿ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತು.

2. ಮೂತ್ರ ತಡೆಯಬೇಡಿ. ಆಳುಗಳಿಟ್ಟು ದುಡಿಸುವವರು ಹೆಂಗಸರಿಗೆ ಮರೆಯುಳ್ಳ ಶೌಚದ ಜಾಗ ಒದಗಿಸಬೇಕು.

3. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಿ.

4. ಉರಿ ಕಂಡರೆ ವೈದ್ಯರಿಗೆ ತೋರಿಸಿ. ಪರೀಕ್ಷೆಗೆ ಮೊದಲ ಹನಿಗಳನ್ನು ಬಿಟ್ಟು, ನಡುವಿನ ಮೂತ್ರವನ್ನು ಶುಚಿಯಾದ ಸೀಸೆಯಲ್ಲಿ ಹಿಡಿಯಿರಿ.

5. ಉರಿ ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ. ಹೇಳಿದಷ್ಟು ದಿನ ಸೇವಿಸಿ. ಬೇರೆಯವರ ಮಾತ್ರೆ ನುಂಗಬೇಡಿ. ಹಾಗೆ ಮಾಡಿದರೆ ಔಷಧಿಗೆ ಬಗ್ಗದ ದುಂಡಾಣುಗಳು ಹೆಚ್ಚುತ್ತವೆ.

6. ಚಳಿಜ್ವರ, ಬೆನ್ನುನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಎಳನೀರು ಕುಡಿಯುವುದರಲ್ಲಿ ತಪ್ಪಿಲ್ಲ. ಆದರೆ ಗೋಡೆಗೆ ಅಂಟಿದ ದುಂಡಾಣುವನ್ನು ಅದೊಂದೇ ಕಿತ್ತುಹಾಕಲಾರದು ಎಂಬುದನ್ನು ಮನೆಯವರೆಲ್ಲರೂ ನೆನಪಿನಲ್ಲಿಡಬೇಕು.